ಟವೆಲ್ ಕೆಳಗೆ ಕುದುರಿದ ಕಾರು

ಆ ಕಾರಿನ ಎಂಜಿನ್ನಿಗೆ ಕೆಟ್ಟ ಹೆಸರಿತ್ತು. ಅದು ನನಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಗೊತ್ತಿದ್ದೂ ಬೇಕೆಂದವಳು ನಾನು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವಂಥ ಸ್ಪೋರ್ಟ್ಸ್ ಕಾರು. ಎಂ.ಎಸ್ಸಿ. ಓದುತ್ತಿದ್ದಾಗ ಧಾರವಾಡದ ಒಂದು ಇಳಿಜಾರಿನಲ್ಲಿ ಅಂಥದೊಂದು ನನ್ನನ್ನು ದಾಟಿ ಹೋಗಿತ್ತು. ಅಂದಿನಿಂದ ಅದನ್ನು ಯಾರಿಗೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕ ಮೇಲೆ ಅದಕ್ಕೆಂದೇ ಉಳಿಸುತ್ತ ಬಂದೆ. ಹೊಸದು ನನ್ನ ಕೈಗೆ ಎಟುಕುವಂತಿರಲಿಲ್ಲ. ಹಳೆಯದು ಎಟುಕುತ್ತಿತ್ತು, ಆದರೆ ಎಂಜಿನ್ನಿನ ಭಯವಿತ್ತು.

ಭಯವೇನೆಂದು ಹೇಳಿಬಿಡುತ್ತೇನೆ. ಎಂಜಿನ್ನಿನೊಳಗೆ ಒಂದು ಚೈನ್ ಇರುತ್ತದೆ. ಈ ಮಾದರಿಯ ಕಾರಿನಲ್ಲಿ ಅದು ಕೆಲವು ವರ್ಷಕ್ಕೇ ಹಿಗ್ಗಿ ಸಡಿಲಾಗುತ್ತದೆ. ಸಡಿಲಾದದ್ದನ್ನು ಬದಲಿಸಬಹುದು. ಬದಲಿಸದೆ ಓಡಿಸಿ ಅದು ಹರಿದರೆ ಎಂಜಿನ್ನೇ ಹಾಳು. ಸಡಿಲಾಗಿದೆಯೋ ಇಲ್ಲವೋ ತಿಳಿಯುವ ಸುಲಭದ ದಾರಿ ಒಂದೇ: ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ ಚಾಲೂ ಮಾಡಿ ಮೊದಲ ಕೆಲವು ಕ್ಷಣ ಕಿವಿಗೊಡಬೇಕು. ಎಂಜಿನ್ ಬಿಸಿಯಾಗಿದ್ದರೆ ಏನೂ ಕೇಳಿಸದು.

ಅದಕ್ಕೇ, ಅಂಥದೊಂದು ಹಳೆಯ ಕಾರು ಮಾರಲಿಟ್ಟಿದ್ದ ಬೈರಿದೇವರಕೊಪ್ಪದ ವ್ಯಾಪಾರಿಯೊಬ್ಬರಿಗೆ ಫೋನ್ ಮಾಡಿದಾಗ ನಾನು ಕೇಳಿಕೊಂಡಿದ್ದು ಒಂದೇ ಮಾತು. ನಾನು ಬಂದು ಮುಟ್ಟುವವರೆಗೆ ಗಾಡಿ ಚಾಲೂ ಮಾಡಬೇಡಿ. ಅವರು ಅರಳೆ ವ್ಯಾಪಾರದ ದೊಡ್ಡ ಮನೆತನದವರು. ಮಗ ಹಟ ಮಾಡಿ ತಂದ ಕಾರು ಈಗ ಮಗನಿಗೇ ಬೇಸರವಾಗಿತ್ತು. ಹೂಂ ಅಂದರು. ಯಾಕೆ ಎಂದು ಕೇಳಲಿಲ್ಲ. ಬರುವಾಗ ಹಿರಿಯರನ್ನು ಕರೆದುಕೊಂಡು ಬರ್ರಿ ಎಂದಷ್ಟೇ ಹೇಳಿದರು. ಅಪ್ಪನಿಗೆ ಇದೆಲ್ಲ ಹುಚ್ಚಾಟವೆನಿಸಿದ್ದರಿಂದ ಅವರು ಬರಲಿಲ್ಲ. ಕಾಕಾ ಬಂದರು. ಕಾಕಾ ಹುಬ್ಬಳ್ಳಿ ಮಾರುಕಟ್ಟೆಯಲ್ಲಿ ಹತ್ತಿಯ ದಲಾಲರು. ಹೆಗಲ ಮೇಲೆ ಬಿಳಿ ಟವೆಲ್ ಇಲ್ಲದೆ ನಾನು ಅವರನ್ನು ನೋಡಿದ್ದೇ ಇಲ್ಲ.

ನಾವು ಹೋದದ್ದು ಅಮಾವಾಸ್ಯೆಯ ಬೆಳಿಗ್ಗೆ. ಅದು ವ್ಯಾಪಾರಿಯೇ ಆರಿಸಿದ ದಿನ. ಗೇಟು ದಾಟುತ್ತಲೇ ನನಗೆ ಎಲ್ಲವೂ ಅರ್ಥವಾಯಿತು. ಕಾರು ತೊಳೆದು ಮಿರುಗುತ್ತಿತ್ತು. ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಪಟ್ಟೆ, ಚೆಂಡುಹೂವಿನ ಹಾರ, ಮುಂದೆ ಒಡೆದ ತೆಂಗಿನಕಾಯಿ. ನಾಲ್ಕೂ ಗಾಲಿಯ ಹಿಂದೆ ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿತ್ತು. ಗಾಲಿ ಉರುಳದೆ ನಿಂಬೆಹಣ್ಣು ಅಪ್ಪಚ್ಚಿಯಾಗುವುದಿಲ್ಲ. ಎಂಜಿನ್ ಚಾಲೂ ಆಗದೆ ಗಾಲಿ ಉರುಳುವುದಿಲ್ಲ. ಬಾನೆಟ್ಟಿನ ಮೇಲೆ ಕೈ ಇಟ್ಟೆ. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯ ಹಾಗಿತ್ತು.

ಚಾಲೂ ಮಾಡಬೇಡಿ ಎಂದು ಹೇಳಿದ್ದೆನಲ್ಲ ಎಂದೆ. ವ್ಯಾಪಾರಿ ನನಗೆ ಉತ್ತರ ಕೊಡದೆ ಕಾಕಾನ ಕಡೆ ತಿರುಗಿದರು.

"ಅಮಾಸಿ ದಿನ ಪೂಜಿ ಬಿಡಾಕ ಬರತೈತೇನ್ರಿ? ಪೂಜಿ ಆದಮ್ಯಾಲ ಗಾಡಿ ಒಂದ್ ಸುತ್ತ ಹಾಕಿಸೂದು ನಮ್ಮನಿ ಪದ್ಧತಿ."

ಕಾಕಾ ತಲೆಯಾಡಿಸಿ, ಚಪ್ಪಲಿ ಬಿಟ್ಟು, ಬಾನೆಟ್ಟಿಗೆ ಕೈಮುಗಿದರು. ಈಗ ನಾನು ಏನು ಹೇಳಿದರೂ ಪೂಜೆಗೆ ಎದುರಾಡಿದಂತೆ. ನನಗೆ ಪೂಜೆಯ ಮೇಲೆ ಸಿಟ್ಟಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ನಮ್ಮ ಮನೆಯ ಸ್ಕೂಟರಿಗೂ ಕುಂಕುಮ ಬೀಳುತ್ತದೆ. ಆದರೆ ತಿಂಗಳಲ್ಲಿ ಅಷ್ಟು ದಿನ ಇರುವಾಗ ಇದೇ ದಿನ ಕರೆದು, ಹೂಂ ಅಂದ ಮಾತನ್ನು ನಿಂಬೆಹಣ್ಣಿನ ಜೊತೆ ಗಾಲಿಯ ಕೆಳಗೆ ಹಾಕಿ, ಮೇಲೆ ದೇವರನ್ನು ಮುಂದೆ ಮಾಡುವುದು? ಅದು ಬೇಕೆಂದೇ ಮಾಡಿದ್ದೋ, ನಾನು ಹೇಳಿದ್ದು ನೆನಪಿಡುವಷ್ಟು ದೊಡ್ಡ ಮಾತೆಂದು ಅನಿಸಲಿಲ್ಲವೋ, ಇವತ್ತಿಗೂ ತಿಳಿಯದು. ಎರಡರಲ್ಲಿ ಯಾವುದು ಹೆಚ್ಚು ಅವಮಾನ ಎಂಬುದೂ ತಿಳಿಯದು.

ಚೈನ್ ಯಾವತ್ತಾದರೂ ಬದಲಿಸಿದ್ದೀರಾ ಎಂದು ಕೇಳಿದೆ.

"ಚೈನ್ ಸೈಕಲ್ಲಿಗಿರತೈತಿ, ತಂಗಿ," ಎಂದು ಅವರು ನಕ್ಕರು. ಕಾಕಾನೂ ನಕ್ಕರು. ಅಷ್ಟಕ್ಕೇ ಆ ಪ್ರಶ್ನೆ ಮುಗಿಯಿತು. ಮೈಲೇಜು, ಟೈರು, ವಿಮೆ ಎಂದು ನಾನು ಕೇಳಿದ ಮಿಕ್ಕ ಪ್ರಶ್ನೆಗಳಿಗೂ ಉತ್ತರ ಹೋದದ್ದು ಕಾಕಾನಿಗೇ. ಸ್ವಂತ ಕಾರು ಓಡಿಸಿ ಗೊತ್ತಿಲ್ಲದ ಕಾಕಾ ಅವನ್ನೆಲ್ಲ ಗಂಭೀರವಾಗಿ ಕೇಳಿಸಿಕೊಂಡರು.

ಆಮೇಲೆ ವ್ಯಾಪಾರಿಯ ಹೆಂಡತಿ ಬಂದು, ಬಿಸಿಲಿನಲ್ಲಿ ಯಾಕೆ ನಿಂತಿ, ಒಳಗೆ ಬಾ ಎಂದು ಕೈ ಹಿಡಿದು ಕರೆದೊಯ್ದರು. ಒಳ್ಳೆಯ ಹೆಂಗಸು. ಹಚ್ಚಿದ ಅವಲಕ್ಕಿ, ಚಹ ಕೊಟ್ಟರು. ಮದುವೆ ಆಗಿದೆಯೇ ಎಂದು ಕೇಳಿದರು. ಇಲ್ಲ ಎಂದೆ.

"ಎರಡ ಸೀಟಿನ ಗಾಡಿ ತೊಗೊಂಡ್ರ ನಾಳೆ ಹುಡುಗೂರ್ನ ಎಲ್ಲಿ ಕುಂಡ್ರಸ್ತಿ ಬೇ?" ಎಂದರು. ಕುಚೋದ್ಯವಲ್ಲ, ನಿಜವಾದ ಕಾಳಜಿ. ಇನ್ನೂ ಹುಟ್ಟದ ಮಕ್ಕಳಿಗೆ ಆ ಮನೆಯಲ್ಲಿ ನನಗಿಂತ ಹೆಚ್ಚು ಲೆಕ್ಕವಿತ್ತು. ಅವಲಕ್ಕಿ ಚೆನ್ನಾಗಿದೆ ಎಂದು ಹೇಳಿ ತಟ್ಟೆ ಇಟ್ಟು ಹೊರಗೆ ಬಂದೆ.

ಹೊರಗೆ ಕಟ್ಟೆಯ ಮೇಲೆ ಕಾಕಾ ಮತ್ತು ವ್ಯಾಪಾರಿ ಎದುರುಬದುರು ಕುಳಿತಿದ್ದರು. ಇಬ್ಬರ ಬಲಗೈಗಳು ಕಾಕಾನ ಟವೆಲ್ಲಿನ ಕೆಳಗಿದ್ದವು. ಇಬ್ಬರೂ ಆಕಾಶ ನೋಡುತ್ತಿದ್ದರು. ಟವೆಲ್ ಮಾತ್ರ ಒಳಗೆ ಇಲಿ ಹೊಕ್ಕಂತೆ ಅಲ್ಲಾಡುತ್ತಿತ್ತು.

ದನದ ಸಂತೆ ನೋಡಿದವರಿಗೆ, ಹಳೆಯ ದಲಾಲರನ್ನು ಬಲ್ಲವರಿಗೆ ಇದು ಹೊಸತಲ್ಲ. ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳು, ಎರಡು ಬೆರಳು, ಅಂಗೈ. ಸುತ್ತ ನಿಂತ ಪರರಿಗೆ ತಿಳಿಯಬಾರದೆಂದು ಈ ಏರ್ಪಾಡು. ಚಿಕ್ಕಂದಿನಲ್ಲಿ ಮಾರುಕಟ್ಟೆಯಲ್ಲಿ ಇದನ್ನು ನೋಡಿ ಬೆರಗಾಗಿದ್ದೆ. ಆವತ್ತು ಆ ಕಟ್ಟೆಯ ಮುಂದೆ ನಿಂತಾಗ ಮಾತ್ರ ಒಂದು ವಿಷಯ ಹೊಳೆದು ಕಿವಿ ಬಿಸಿಯಾಯಿತು. ಕೊಳ್ಳುವವಳು ನಾನು, ಹಣ ನನ್ನದು, ಟವೆಲ್ಲಿನ ಹೊರಗೆ ನಿಂತ ಪರರೂ ನಾನೇ.

ಕಾಕಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಮುಗೀತು," ಎಂದರು. ಮುಖದಲ್ಲಿ ಗೆಲುವಿತ್ತು. ಒಳಗಿಂದ ಸಕ್ಕರೆ ಬಂತು. ಬಾಯಿ ಸಿಹಿ ಮಾಡಿಕೊಳ್ಳಲೆಂದು ವ್ಯಾಪಾರಿ ಒಂದು ಚಿಟಿಕೆ ನನ್ನ ಅಂಗೈಗೂ ಹಾಕಿದರು. ನಾನು ತಿನ್ನಲಿಲ್ಲ.

ತಣ್ಣಗಿನ ಎಂಜಿನ್ ಕೇಳದೆ ನಾನು ಈ ಕಾರು ಕೊಳ್ಳುವುದಿಲ್ಲ ಎಂದೆ.

ಕಾಕಾನ ಮುಖ ಸಣ್ಣದಾಯಿತು. ನನ್ನನ್ನು ಗೇಟಿನ ಬಳಿಗೆ ಕರೆದುಕೊಂಡು ಹೋದರು. "ಕೈ ಕೊಟ್ಟೇನಿ, ಯವ್ವಾ," ಎಂದರು. "ಕೊಟ್ಟ ಕೈ ತಿರಗಿ ತೊಗೊಂಡ್ರ ನಾಳೆ ಮಾರ್ಕೆಟ್ಟಿನ್ಯಾಗ ನನ್ನ ಟವೆಲ್ಲಿನ ಕೆಳಗ ಯಾರ್ ಕೈ ಹಾಕ್ತಾರ?"

ಅದು ಉತ್ಪ್ರೇಕ್ಷೆಯಲ್ಲ. ಕಾಕಾನ ವ್ಯಾಪಾರವೆಲ್ಲ ನಿಂತಿರುವುದು ಆ ಕೈಯ ಮೇಲೆ. ಬರಹವಿಲ್ಲ, ಸಹಿಯಿಲ್ಲ, ಕೈಯೇ ಮಾತು. ಆದರೆ ನನ್ನನ್ನು ಒಂದು ಮಾತೂ ಕೇಳದೆ ನನ್ನ ಕಾರಿನ ಮೇಲೆ ಆ ಕೈಯನ್ನು ಪಣಕ್ಕಿಟ್ಟವರು ಯಾರು? ಈಗ ಒಂದೋ ನಾನು ಕಣ್ಣುಮುಚ್ಚಿ ಕಾರು ತೆಗೆದುಕೊಳ್ಳಬೇಕು, ಇಲ್ಲವೇ ನನ್ನನ್ನು ಎತ್ತಿ ಆಡಿಸಿದ ಕಾಕಾನ ಮರ್ಯಾದೆ ಕಳೆಯಬೇಕು. ಇಬ್ಬರು ಗಂಡಸರು ಆಕಾಶ ನೋಡುತ್ತ ಕುಳಿತಷ್ಟು ಹೊತ್ತಿನಲ್ಲಿ ನನ್ನನ್ನು ಇಂಥ ಕಡೆ ತಂದು ನಿಲ್ಲಿಸಿದ್ದರು. ನನಗೆ ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. ಆವತ್ತೂ ಆಡಲಿಲ್ಲ.

"ಕಾಕಾ, ಅಂಡಿಗಿ ಹರದು ಒಳಗಿನ ಅರಳಿ ನೋಡದ ನೀವು ಯಾವತ್ತರ ಕೈ ಕೊಟ್ಟೀರೇನ್ರಿ?" ಎಂದು ಕೇಳಿದೆ.

ಕಾಕಾ ಎಂದೂ ಹಾಗೆ ಕೊಟ್ಟವರಲ್ಲ. ಹತ್ತಿಯ ಚೀಲದ ಪಕ್ಕ ಸೀಳಿ, ಮೊಳಕೈವರೆಗೆ ಕೈ ಇಳಿಸಿ, ನಡುವಿನ ಒಂದು ಹಿಡಿ ಹೊರಗೆ ಎಳೆದು, ಎಳೆ ಜಗ್ಗಿ ನೋಡಿದ ಮೇಲೆಯೇ ಮಾತು. ಮೇಲಿನ ಅರಳೆ ನೋಡಿ ಕೊಂಡವನನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಆಡಿಕೊಂಡು ನಗುತ್ತಾರೆ, ಮೊದಲು ನಗುವವರು ಕಾಕಾನೇ. ಅವರು ಕಾರನ್ನೂ ಅದರ ಮೇಲಿನ ಹಾರವನ್ನೂ ನೋಡಿದರು. ತಿರುಗಿ ಕಟ್ಟೆಗೆ ಹೋಗಿ, ಮಾಲು ನೋಡುವುದು ಬಾಕಿ ಉಳಿದಿದೆ, ತಪ್ಪು ತಮ್ಮದೇ, ನಾಳೆ ಬೆಳಿಗ್ಗೆ ಬರುತ್ತೇವೆ ಎಂದರು. ವ್ಯಾಪಾರಿ ಧಾರಾಳವಾಗಿ ಒಪ್ಪಿದರು. ಎರಡೂ ಕೀಲಿ ರಾತ್ರಿ ಕಾಕಾನ ಬಳಿ ಇರಲಿ ಎಂದು ನಾನು ಹೇಳಿದಾಗ ಮಾತ್ರ ಅವರ ನಗು ನಿಂತಿತು.

"ನಂಬಿಕಿ ಇಲ್ಲೇನ್ರಿ ತಂಗಿಗೆ?" ಎಂದು ಅವರು ಕಾಕಾನನ್ನೇ ಕೇಳಿದರು.

ಅಷ್ಟು ಹೊತ್ತು ಮಾಲಿನ ಬಗ್ಗೆ ನಾನು ಕೇಳಿದ್ದಕ್ಕೆಲ್ಲ ನಗುತ್ತಿದ್ದವರಿಗೆ ಈಗ ನೋವಾಗಿತ್ತು. ಮಾತು ತಪ್ಪಿದವರು ಅವರು, ನಂಬಿಕೆ ಇಲ್ಲದವಳು ನಾನು! ಕಾಕಾ ಕೈ ಚಾಚಿದರು. ಕೀಲಿಗಳು ಬಂದವು. ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟಾಗ ಅಂಗೈಯಲ್ಲಿ ಸಕ್ಕರೆ ಕರಗಿ ಅಂಟಾಗಿತ್ತು.

ಮರುದಿನ ಬೆಳಿಗ್ಗೆ ಬಾನೆಟ್ ತಣ್ಣಗಿತ್ತು. ಹಾರ ಬಾಡಿತ್ತು. ಕಾಕಾ ಕೀಲಿಯನ್ನು ನನ್ನ ಕೈಗೆ ಕೊಟ್ಟು ಎಂಜಿನ್ನಿನ ಪಕ್ಕದಲ್ಲಿ ಬಗ್ಗಿ ನಿಂತರು. ಕೂತು ಚಾಲೂ ಮಾಡಿದೆ. ತಗಡಿನ ಡಬ್ಬಿಯಲ್ಲಿ ಒಣಗಿದ ಕಡಲೆ ಹಾಕಿ ಅಲ್ಲಾಡಿಸಿದಂಥ ಸದ್ದು ಬಂತು. ಕೆಲವೇ ಕ್ಷಣ. ಮತ್ತೆ ಎಂಜಿನ್ ನಯವಾಗಿ, ಏನೂ ಆಗಿಯೇ ಇಲ್ಲವೆಂಬಂತೆ ಗುನುಗತೊಡಗಿತು.

"ನೋಡ್ರಿ, ಸಪ್ಪಳ ತಾನ ನಿಂತ್ತು," ಎಂದರು ವ್ಯಾಪಾರಿ.

ನಾನು ಎಂಜಿನ್ ಬಂದ್ ಮಾಡಿ ಇಳಿದೆ. ಚೈನ್ ಸಡಿಲಾಗಿದೆ, ಇನ್ನೂ ಹರಿದಿಲ್ಲ ಎಂದೆ. ಈಗ ಬದಲಿಸಿದರೆ ಎಂಜಿನ್ ಉಳಿಯುತ್ತದೆ. ಅದರ ಖರ್ಚನ್ನು ಮೊದಲೇ ಎರಡು ಗ್ಯಾರೇಜುಗಳಲ್ಲಿ ವಿಚಾರಿಸಿಟ್ಟಿದ್ದೆ. ವ್ಯಾಪಾರಿ ನಿಟ್ಟುಸಿರು ಬಿಟ್ಟು ಕಟ್ಟೆಯ ಮೇಲೆ ಕುಳಿತು ಕಾಕಾನ ಕಡೆ ಕೈ ಚಾಚಿದರು. ಹೊಸ ಬೆಲೆ ಮಾತಾಡೋಣ ಎಂದು. ಕಾಕಾ ಅಭ್ಯಾಸಬಲದಿಂದ ಟವೆಲ್ ಎಳೆದುಕೊಂಡೂ ಬಿಟ್ಟಿದ್ದರು. ಆಮೇಲೆ ನನ್ನನ್ನು ನೋಡಿ ಕೈ ತಡೆದರು.

"ಗಾಡಿ ಅಕೀದು. ಅಕೀನ್ನ ಕೇಳ್ರಿ."

ಪರ ಹೆಣ್ಣುಮಗಳ ಬೆರಳು ಹಿಡಿದು ಬೆಲೆ ಕಟ್ಟುವಂತಿಲ್ಲ. ವ್ಯಾಪಾರಿ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಬೆಲೆಯನ್ನು ಬಾಯಿಂದಲೇ ಹೇಳಿದೆ. ಎದುರು ಮನೆಯ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಹೆಂಗಸು ತಲೆಯೆತ್ತಿದಳು.

"ಸಾವಕಾಶ ಹೇಳ್ರಿ, ತಂಗಿ. ಓಣಿ ಮಂದಿ ಕೇಳ್ತಾರ," ಎಂದರು ವ್ಯಾಪಾರಿ. ಎರಡು ದಿನದಲ್ಲಿ ನೇರವಾಗಿ ನನಗೇ ಹೇಳಿದ ಮಾತುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದೊಂದಕ್ಕೇ ಗೌರವದ ಬಹುವಚನ ಸೇರಿತ್ತು.

ನಾನು ಅದೇ ಬೆಲೆಯನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿದೆ. ಏರಿಸಲಿಲ್ಲ, ಇಳಿಸಲಿಲ್ಲ. ಅವರು ರೂಢಿಯಂತೆ ಕಾಕಾನ ಕಡೆ ತಿರುಗಿ ತಲೆಯಾಡಿಸಿದರು. ಕಾಕಾ ಬೇಕೆಂದೇ ಟವೆಲ್ ಮಡಚುವುದರಲ್ಲಿ ಮುಳುಗಿದ್ದರು. ಕೊನೆಗೆ ವ್ಯಾಪಾರಿ ನನ್ನ ಕಡೆ ನೋಡಲೇಬೇಕಾಯಿತು.

"ಆತ್ರಿ," ಎಂದರು.

ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಸಿಟ್ಟಿನ ಅಡಿಯಲ್ಲಿ, ತಡವಾಗಿ. ಒಂದು ಎಂಜಿನ್ನಿನ ಸದ್ದು ಕೇಳಲು, ಒಂದು ಅಂಕಿ ಹೇಳಲು ಇಷ್ಟೆಲ್ಲ ಬೇಕಾಯಿತೇ ಎಂಬುದು ಈಗಲೂ ನುಂಗಲಾರದ ತುತ್ತು. ಕೆಟ್ಟ ಹೆಸರಿದ್ದ ಎಂಜಿನ್ ತನ್ನ ದೋಷವನ್ನು ಮುಚ್ಚಿಡಲಿಲ್ಲ. ತಣ್ಣಗಾಗಲು ಬಿಟ್ಟರೆ ಸಾಕಿತ್ತು.

ಚೈನ್ ಬದಲಾಯಿತು. ಕಾರು ಚೆನ್ನಾಗಿ ಓಡುತ್ತಿದೆ. ಎಷ್ಟಕ್ಕೆ ಬಂತು ಎಂದು ನೆಂಟರಿಷ್ಟರು ಇಂದಿಗೂ ಕೇಳುವುದು ಕಾಕಾನನ್ನೇ. ಕಾಕಾ ನನ್ನತ್ತ ಕೈ ತೋರಿಸುತ್ತಾರೆ. ಒಂದು ಬೆಳಿಗ್ಗೆ ಇಡೀ ಓಣಿಗೆ ಕೇಳುವಂತೆ ನಾನು ಹೇಳಿದ ಬೆಲೆ ಅದು. ಆದರೂ ನೆಂಟರಿಗೆ ಹೇಳುವುದಿಲ್ಲ. ಹೇಳುವುದೂ ಬಿಡುವುದೂ ಈಗ ನನಗೆ ಸೇರಿದ್ದು.