ಒನಕೆಯ ಹಾರ್ಸ್‌ಪವರ್

ನನಗೆ ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ ಬರುತ್ತದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿಹೋದ ಅಭ್ಯಾಸ. ಆದರೆ ಹೋದ ತಿಂಗಳು ಬಂದ ಸಿಟ್ಟಿಗೆ ‘ರಿಡಿಕ್ಯುಲಸ್’ ಸಾಲದೆ, ಅಪ್ಪಟ ಕಡೂರು ಕನ್ನಡಕ್ಕೇ ಇಳಿಯಬೇಕಾಯಿತು.

ವಿಷಯ ಇಷ್ಟೆ. ಪಂಚನಹಳ್ಳಿಯಿಂದ ಕೊಬ್ಬರಿ ತರಿಸುತ್ತೇನೆ; ನಮ್ಮ ಹಿತ್ತಲಲ್ಲಿ ಪುಟ್ಟಮ್ಮ ಮತ್ತು ಅವಳ ನಾದಿನಿ ಚಟ್ನಿಪುಡಿ ಕುಟ್ಟುತ್ತಾರೆ. ಹುರಿಯುವ ಹದ ನನ್ನದು, ತೋಳು ಅವರದು. ಪುಡಿ ತರೀಕೆರೆ, ಅಜ್ಜಂಪುರದ ಅಂಗಡಿಗಳಿಗೆ ಹೋಗುತ್ತಿತ್ತು. ಲೈಸೆನ್ಸ್ ನಂಬರಿಲ್ಲದ ಪ್ಯಾಕೆಟ್ ಇನ್ನು ಇಟ್ಟುಕೊಳ್ಳುವುದಿಲ್ಲ ಎಂದು ಅಂಗಡಿಯವರು ಕೈಚೆಲ್ಲಿದ್ದೇ ತಡ, ಒರಳು ಸುಮ್ಮನಾಯಿತು. ಪುಟ್ಟಮ್ಮ ದಿನಾ ಬಂದು ‘ಬಂತೇನ್ರಮ್ಮಾ ನಂಬ್ರು?’ ಎಂದು ಕೇಳುವಳು; ಇಲ್ಲವೆಂದರೆ ಖಾಲಿ ಒರಳನ್ನೇ ಒರೆಸಿಟ್ಟು ಹೋಗುವಳು. ಅದನ್ನು ನೋಡಲಾಗುತ್ತಿರಲಿಲ್ಲ.

ಅರ್ಜಿ ಆನ್‌ಲೈನು. ಟೈಪ್‌ರೈಟಿಂಗ್ ಪಾಸಾದವಳು ನಾನು, ಹೆದರಲಿಲ್ಲ. ಅಡುಗೆಮನೆಯ ನಕ್ಷೆ ಕೇಳಿದರು. ಸ್ಕೇಲಿಟ್ಟು ಗೆರೆ ಎಳೆದು, ಸ್ಕ್ಯಾನ್ ಮಾಡಿ ಕಳಿಸಿದೆ. ಫೈಲು ದೊಡ್ಡದಾಯಿತು ಎಂದಿತು ಪೋರ್ಟಲ್. ಕುಗ್ಗಿಸಿದೆ. ಅಕ್ಷರ ಕಾಣುತ್ತಿಲ್ಲ ಎಂದಿತು. ಸೀರೆ ಉದ್ದವಾಯಿತೆಂದು ಕತ್ತರಿಸಲು ಹೇಳಿ, ಆಮೇಲೆ ಸೆರಗೆಲ್ಲಿ ಎಂದು ಕೇಳಿದ ಹಾಗೆ! ಯೋಚಿಸೋಣವೆಂದು ಕನ್ನಡಕ ಒರೆಸುವಷ್ಟರಲ್ಲಿ ‘ಸೆಷನ್ ಎಕ್ಸ್‌ಪೈರ್ಡ್’. ಮನೆಗೆ ಬಂದವರನ್ನು ಹೀಗೆ ಎಬ್ಬಿಸಿ ಕಳಿಸುವುದು ಯಾವ ಮ್ಯಾನರ್ಸು?

ಇದನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು ಒಂದು ಕಾಲಂ: ಯಂತ್ರಗಳ ಒಟ್ಟು ಹಾರ್ಸ್‌ಪವರ್. ಯಂತ್ರವೇ ಇಲ್ಲವಲ್ಲ, ಖಾಲಿ ಬಿಟ್ಟೆ. ಕೆಂಪಾಯಿತು. ಸೊನ್ನೆ ಹಾಕಿದೆ. ಸರಿಯಾದ ಸಂಖ್ಯೆ ನಮೂದಿಸಿ ಎಂದಿತು. ನಮ್ಮ ಸಿಸ್ಟರ್, ಸುಳ್ಳು ಬರೆಯುವ ಬದಲು ಖಾಲಿ ಬಿಡಿ, ಬೈಯುವುದಿಲ್ಲ ಎನ್ನುತ್ತಿದ್ದರು. ಎಂಥ ಉದಾರ ಕಾಲ! ಹಿಂದೆ ಯಾರೋ ಹಬೆಯಂತ್ರ ಮಾರಲು ಹೊರಟು, ಇದು ಇಷ್ಟು ಕುದುರೆಗೆ ಸಮ ಎಂದು ಗಿರಾಕಿಗಳನ್ನು ಒಪ್ಪಿಸಲು ಹುಡುಕಿದ ಲೆಕ್ಕವಂತೆ ಈ ಹಾರ್ಸ್‌ಪವರ್. ಆ ಮಹಾನುಭಾವ ಕುದುರೆಯನ್ನು ನೋಡಿದ, ಒನಕೆ ಹಿಡಿದ ಹೆಂಗಸನ್ನು ನೋಡಲಿಲ್ಲ. ರೇಗಿ ‘ಒಂದು’ ಎಂದು ಒತ್ತಿದೆ.

ಮರುವಾರ ಉತ್ತರ: ‘ಸದರಿ ಯಂತ್ರದ ಫೋಟೋ ಅಪ್‌ಲೋಡ್ ಮಾಡತಕ್ಕದ್ದು.’ ನಾನು ಕಡೂರು ಕನ್ನಡಕ್ಕೆ ಇಳಿದದ್ದು ಆಗಲೇ. ಅದನ್ನಿಲ್ಲಿ ಬರೆಯಲಾರೆ. ನಾದಿನಿ ಅವತ್ತು ಯಗಟಿಗೆ ಹೋಗಿದ್ದಳು. ಪುಟ್ಟಮ್ಮನೊಬ್ಬಳನ್ನೇ ಒರಳಿನ ಮುಂದೆ ನಿಲ್ಲಿಸಿ, ಸೆರಗು ಸಿಕ್ಕಿಸಿ, ಒನಕೆ ಎತ್ತಿಸಿ, ಫೋಟೋ ಕಳಿಸಿಯೇಬಿಟ್ಟೆ. ತಿರಸ್ಕರಿಸಲಿ, ಜಗಳಕ್ಕಾದರೂ ಒಬ್ಬ ಮನುಷ್ಯ ಸಿಗುತ್ತಾನಲ್ಲ!

ತಿರಸ್ಕರಿಸಲಿಲ್ಲ. ‘ಯಂತ್ರ ಪರಿಶೀಲಿಸಲಾಗಿದೆ’ ಎಂಬ ಷರಾ ಬಂತು, ಹಿಂದೆಯೇ ಲೈಸೆನ್ಸೂ ಬಂತು. ಫೋಟೋವನ್ನು ಯಾರೂ ನೋಡಲೇ ಇಲ್ಲವೋ, ನೋಡಿ ನಕ್ಕು ದಾಟಿಸಿದರೋ. ನಕ್ಕಿದ್ದರೆ ಅವರಿಗೊಂದು ಪ್ಯಾಕೆಟ್ ಕಳಿಸುವ ಮನಸ್ಸಿದೆ; ಲಂಚವೆಂದಾರು ಎಂದು ಸುಮ್ಮನಿದ್ದೇನೆ.

ಪುಟ್ಟಮ್ಮನಿಗೆ ಎಲ್ಲ ಓದಿ ಹೇಳಿದೆ. ಯಂತ್ರ ಎಂದದ್ದಕ್ಕೆ ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಸಿಟ್ಟು ಬಂದದ್ದು ಬೇರೆಯದಕ್ಕೆ.

‘ಒಂದೇ ಕುದ್ರೆನಾ? ನಮ್ ನಾದ್ನಿ ಎದ್ರುಗಡೆ ನಿಂತ್ಕಂಡು ಜೋಡಿ ಒನಕೆ ಹಾಕಲ್ವಾ? ಅವಳೇನ್ ನೊಣ ಹೊಡೀತಾ ನಿಂತಿರ್ತಾಳಾ? ಅವಳು ಕೇಳುದ್ರೆ ನಾ ಏನಂತ ಹೇಳ್ಲಿ, ನೀವೇ ಹೇಳ್ರಮ್ಮಾ?’

ಹಿತ್ತಲಲ್ಲೀಗ ಒಂದಾದ ಮೇಲೊಂದು ಒನಕೆ ಬೀಳುತ್ತಿದೆ. ನಾನು ಮತ್ತೆ ಪೋರ್ಟಲಿನ ಮುಂದೆ ಕೂತಿದ್ದೇನೆ, ತಿದ್ದುಪಡಿ ಅರ್ಜಿ ಹಿಡಿದು. ಒಂದು ಹೋಗಿ ಎರಡಾಗಬೇಕು. ಬದಲಾವಣೆಗೆ ಕಾರಣವೇನು ಎಂಬ ಕಾಲಂ ಕೆಂಪಗೆ ಕಾಯುತ್ತಿತ್ತು. ಖಾಲಿ ಬಿಡಲಿಲ್ಲ, ಸುಳ್ಳೂ ಬರೆಯಲಿಲ್ಲ:

‘ನಾದಿನಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.’