ಉಡುವ ಜರಿ, ಓಡುವ ಜರಿ

ಅವರೆಕಾಳು ಇದುಕುತ್ತಾ ಕೂತಿದ್ದೆ. ನೆನೆದ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಬೋಗುಣಿಗೆ ಹಾರುತ್ತದೆ. ಅರ್ಧ ಮುಗಿದಿತ್ತು. ಅಷ್ಟರಲ್ಲಿ ಎದುರುಮನೆಯವರು ಬರಿಗಾಲಲ್ಲೇ ಬಂದರು. ನಮ್ಮ ಬೀದಿಗೆಲ್ಲ ಫೋನು ಇದ್ದದ್ದು ಅವರ ಮನೆಯಲ್ಲೇ.

"ರೀ, ಸಾರಕ್ಕಿಯಿಂದ ಫೋನ್ ಬಂದಿತ್ತು, ನಿಮ್ಮ ತಂಗಿ ಮನೆಯಿಂದ," ಎಂದರು. ನನ್ನ ಮುಂದಿನ ಬೋಗುಣಿ ಪಕ್ಕಕ್ಕೆ ಸರಿಸಿ, ಕೈ ಹಿಡಿದುಕೊಂಡು, ಆಮೇಲೆ ಹೇಳಿದರು: "ಬೆಳಿಗ್ಗೆ ಹೋಗ್ಬಿಟ್ರಂತೆ."

ನನ್ನ ತಂಗಿಗೆ ಇಪ್ಪತ್ತೇಳು. ಎದೆಬಡಿತ ನಿಂತಿತಂತೆ. ಹೆಚ್ಚು ನರಳಲಿಲ್ಲವಂತೆ, ಅದೊಂದು ದೇವರ ದಯೆ.

ನಮ್ಮಮ್ಮ ತೀರಿಕೊಂಡಾಗ ಅವಳಿಗೆ ಹತ್ತು ವರ್ಷ. ನಾನು ಮದುವೆಯಾಗಿ ಬನಶಂಕರಿಗೆ ಬಂದು ಆಗಿನ್ನೂ ಒಂದು ವರ್ಷ. ನನ್ನವರು ಒಂದು ಮಾತೂ ಆಡದೆ ಅವಳನ್ನು ಮನೆಗೆ ಕರೆತಂದರು. ಅದೂ ದಯೆಯೇ. ಆಗ ನಮ್ಮ ಮನೆಯ ಸುತ್ತ ಖಾಲಿ ಸೈಟುಗಳು, ರಾಗಿ ಹೊಲ. ಮಳೆ ಬಿದ್ದರೆ ಹುಳುಹುಪ್ಪಟೆಯೆಲ್ಲ ಒಳಗೆ. ಒರಳುಕಲ್ಲಿನ ಕೆಳಗೆ ಚೇಳು, ಗೋಡೆಗಂಟಿಕೊಂಡು ಕಂಬಳಿಹುಳ, ಬಚ್ಚಲಿನ ತೂತಿನಿಂದ ಜರಿ. ತೂತಿಗೆ ಕಲ್ಲು ಮುಚ್ಚಿದರೂ ಹೇಗೋ ನುಸುಳಿ, ಅಷ್ಟೂ ಕಾಲುಗಳನ್ನು ಆಡಿಸುತ್ತಾ ಬಂದುಬಿಡುತ್ತಿತ್ತು. ಜರಿ ಲಕ್ಷ್ಮಿ, ಕೊಲ್ಲಬಾರದು ಎನ್ನುತ್ತಿದ್ದರು ನಮ್ಮತ್ತೆ. ಪೊರಕೆಯಲ್ಲಿ ತಳ್ಳಿ, ಹೋಗಮ್ಮಾ ಎಂದು ಹೊರಗೆ ಬಿಡುತ್ತಿದ್ದೆ.

ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ನನ್ನ ಹಳೆಯ ರೇಷ್ಮೆ ಸೀರೆ ಕತ್ತರಿಸಿ ಅವಳಿಗೆ ಲಂಗ ಹೊಲಿಸಿದ್ದೆ. ಅಂಚಿನಲ್ಲಿ ನಾಲ್ಕು ಬೆರಳಗಲ ಜರಿ. ನಾನು ಕಳಶಕ್ಕೆ ಹೂವು ಏರಿಸುತ್ತಿದ್ದಾಗ ಹಿಂದಿನಿಂದ ಸಣ್ಣಗೆ, "ಅಕ್ಕಾ, ಜರಿ. ಕಾಲು ಉರೀತಿದೆ," ಅಂದಳು.

ತಿರುಗಿ ನೋಡಲಿಲ್ಲ. "ಜರಿ ಅಂದ್ಮೇಲೆ ಚುಚ್ಚುತ್ತೆ ಕಣೇ. ನಾಲ್ಕು ಸಲ ಉಟ್ರೆ ಮೆತ್ತಗಾಗುತ್ತೆ. ಮಂಗಳಾರತಿ ಆಗೋವರೆಗೂ ಅಲ್ಲಾಡಬೇಡ."

ಅವಳು ಅಲ್ಲಾಡಲಿಲ್ಲ. ಆರತಿ ಮುಗಿದು ಕುಂಕುಮ ಇಡಲು ತಿರುಗಿದರೆ ಕೆನ್ನೆ ತುಂಬ ಕಣ್ಣೀರು. ಲಂಗ ಎತ್ತಿದೆ. ಅಂಚಿನ ಮಡಿಕೆಯಿಂದ ಬೆರಳುದ್ದದ ಜರಿ ಕೆಳಗೆ ಬಿತ್ತು. ಪಾದ ಊದಿ ಕೆಂಪಾಗಿತ್ತು. ಕಾಲು ತೊಳೆದು ಆಟೋದಲ್ಲಿ ಡಾಕ್ಟರ ಹತ್ತಿರ ಓಡಿದೆವು. ಎರಡು ದಿನ ಜ್ವರ ಬಂದು ಇಳಿಯಿತು. ತಾಯಿ ಕಾಪಾಡಿದಳು.

ದೊಡ್ಡವಳಾದ ಮೇಲೆ ಅವಳಿಗೆ ಅದೇ ತಮಾಷೆ. ಸೀರೆ ಅಂಗಡಿಯಲ್ಲಿ ನಾನು ಯಾವ ಸೀರೆ ಮುಟ್ಟಿದರೂ, "ಅಕ್ಕ, ಇದು ಯಾವ ಜರಿ? ಉಡೋದಾ, ಓಡೋದಾ?" ಅನ್ನುವಳು. ಅಂಗಡಿಯವನು ಕಣ್ಣು ಕಣ್ಣು ಬಿಡುತ್ತಿದ್ದ.

ಫೋನು ಬರುವುದಕ್ಕೆ ಐದು ದಿನ ಮುಂಚೆ, ಮಂಗಳವಾರ, ಇಬ್ಬರೂ ಬನಶಂಕರಿ ಗುಡಿಯಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದೆವು. "ಅಕ್ಕಾ, ಬೆನ್ನಲ್ಲಿ ಏನೋ ಚುಚ್ಚಿದ ಹಾಗಾಗುತ್ತೆ," ಅಂದಳು. ನಾನು ಬತ್ತಿ ಸರಿಮಾಡುತ್ತಿದ್ದೆ. ಕೊಡ ಎತ್ತಿ ಹಿಡ್ಕೊಂಡಿರುತ್ತೆ, ಬಿಸಿನೀರಿನ ಕಾವು ಕೊಡು ಎಂದೆ. ಸರಿ ಅಕ್ಕ ಅಂದಳು. ಆಗಲೂ ನಾನು ತಿರುಗಿ ನೋಡಲಿಲ್ಲ.

ಸಾರಕ್ಕಿಯಲ್ಲಿ ಅವಳಿಗೆ ಮದುವೆಯ ಧಾರೆ ಸೀರೆ ಉಡಿಸಿದರು. ನಾನೂ ಕೈಜೋಡಿಸಿದೆ. ಪಾದದ ಹತ್ತಿರ ಅಂಚನ್ನು ಒಳಕ್ಕೆ ಮಡಚಿದೆ. "ಯಾಕಮ್ಮ ಮಡಚ್ತೀಯ? ಮುತ್ತೈದೆ, ಅಂಚು ಕಾಣ್ಲಿ ಬಿಡು," ಎಂದರು ಅವಳ ಅತ್ತೆ.

"ಜರಿ ಚುಚ್ಚುತ್ತೆ," ಎಂದೆ.

ಅವರು ನನ್ನ ಮುಖ ನೋಡಿ ನೆರಿಗೆ ಸರಿಮಾಡತೊಡಗಿದರು. ಯಾವ ಜರಿ ಎಂದು ಕೇಳುವವಳು ಅಲ್ಲಿ ಮಲಗಿದ್ದಳು.

ಸಂಜೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಕಾಳು ಹುಳಿ ಬಂದಿರುತ್ತದೆ ಎಂದುಕೊಂಡಿದ್ದೆ. ಎದುರುಮನೆಯವರು ನೀರು ಬಸಿದು ಬೇರೆ ನೀರು ಹಾಕಿಟ್ಟಿದ್ದರು, ಕೆಟ್ಟಿರಲಿಲ್ಲ. ಮಕ್ಕಳು ಹಸಿದಿದ್ದರು. ಬೋಗುಣಿ ಮುಂದಕ್ಕೆಳೆದುಕೊಂಡು ಉಳಿದರ್ಧ ಇದುಕಲು ಕೂತೆ.