ಅವ್ವನಿಗೆ ಭೂಮಿ ತಿರುಗುವುದನ್ನು ಕಲಿಸಿದ್ದು

ಕೂತಲ್ಲಿ ಕೂರುವ ಹುಡುಗಿಯಲ್ಲ ನಾನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ದಿನಕ್ಕೆ ನಾಲ್ಕು ಸಲವಾದರೂ ಬೈಯುತ್ತಿದ್ದಳು. ತೊಂಬತ್ತರ ದಶಕದಲ್ಲಿ ನಾನು ಬೆಳಗೋಡಿನಲ್ಲಿ ಏಳನೇ ಕ್ಲಾಸು ಓದುತ್ತಿದ್ದಾಗ ಒಂದು ದಿನ ಮೇಷ್ಟ್ರು ಗ್ಲೋಬನ್ನು ಮೇಜಿನ ಮೇಲಿಟ್ಟು ಒಂದು ತಟ್ಟು ತಟ್ಟಿದರು. ಅದು ಓರೆಯಾಗಿ ನಿಂತೇ ಗಿರ್ರನೆ ತಿರುಗಿತು. ಸಮುದ್ರ, ಮರುಭೂಮಿ, ಹಿಮ ಎಲ್ಲ ಕಲಸಿಹೋದವು. "ನೀವು ಕೂತಿರೋ ಬೆಂಚೂ ಹಿಂಗೇ ತಿರುಗ್ತಾ ಐತೆ ಕಣ್ರೋ" ಎಂದರು. ನನಗೆ ಹೇಳಲಾರದಷ್ಟು ಖುಷಿಯಾಯಿತು. ಇಡೀ ಭೂಮಿಯೇ ಸುಮ್ಮನೆ ಕೂರುವುದಿಲ್ಲವೆಂದ ಮೇಲೆ ನನಗೊಬ್ಬಳಿಗೇ ಏಕೆ ಬೈಗುಳ? ಅಷ್ಟರಲ್ಲಿ ಬೆಲ್ ಹೊಡೆದು ಪಾಠ ಅರ್ಧಕ್ಕೇ ನಿಂತಿತು. ಉಳಿದರ್ಧಕ್ಕೆ ಕಾಯುವ ತಾಳ್ಮೆ ನನಗೆಲ್ಲಿ! ಗದ್ದೆ ಬದುವಿನ ಮೇಲೆ ಓಡಿಕೊಂಡೇ ಮನೆಗೆ ಬಂದೆ.

ಅವ್ವ ಅಂಗಳದ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತಳು.

"ಯಾಕೋ ಸುತ್ತ ಎಲ್ಲಾ ತಿರುಗ್ದಂಗಾಯ್ತೈತೆ ಕಣೆ. ನಾಕು ದಿನದಿಂದ ಹಿಂಗೇ" ಎಂದಳು.

"ತಿರುಗ್ದಂಗಲ್ಲ ಕಣವ್ವ, ತಿರುಗ್ತಾನೇ ಐತೆ!" ಎಂದು ನಾನು ಕುಣಿದೆ. ಗುಂಡಗಿನ ಹಣ್ಣೊಂದನ್ನು ಆರಿಸಿ ಬೆರಳ ನಡುವೆ ಹಿಡಿದು ತಿರುಗಿಸಿ ತೋರಿಸಿದೆ. ನಮ್ಮ ಗುಡ್ಡ, ಗದ್ದೆ, ಹೇಮಾವತಿ ಹೊಳೆ, ಘಾಟಿಯಾಚೆಯ ಸಮುದ್ರ ಎಲ್ಲವೂ ಒಟ್ಟಿಗೆ ಸುತ್ತುತ್ತಿವೆ ಎಂದೆ. ಮಿಕ್ಕವರಿಗೆ ಅದು ತಿಳಿಯುವುದಿಲ್ಲ, ನಿನಗೆ ತಿಳಿಯುತ್ತಿದೆ ಎಂದೂ ಸೇರಿಸಿದೆ. ಆ ಕೊನೆಯ ಮಾತು ಮೇಷ್ಟ್ರದ್ದಲ್ಲ, ನನ್ನದು.

ಅವ್ವನ ಹಣೆ ಬೆವರಿತ್ತು. "ಹಂಗಾರೆ ಕಾಯಿಲೆ ಅಲ್ಲ ಅನ್ನು" ಎಂದಳು.

"ಅಲ್ವೇ ಅಲ್ಲ" ಎಂದೆ.

ಅವ್ವ ಸ್ಕೂಲಿನ ಮುಖ ಕಂಡವಳಲ್ಲ. ಅಂದಿನಿಂದ ಅವಳು ಕಂಬ ಹಿಡಿದು ನಿಂತದ್ದನ್ನು ನೋಡಿ ಅಜ್ಜಿ ಏನಾಯಿತೆಂದು ಕೇಳಿದರೆ, "ಏನಿಲ್ಲ ಕಣತ್ತೆ, ಭೂಮಿ ತಿರುಗ್ತೈತಂತೆ. ಮಗ ಓದ್ಕೊಂಡು ಬಂದವಳೆ" ಎನ್ನುತ್ತಿದ್ದಳು. "ನಂಗೇನೂ ತಿರುಗ್ತಿಲ್ವಲ್ಲ" ಎಂದು ಅಜ್ಜಿ ಗೊಣಗುತ್ತಿದ್ದಳು. ಕೊಯ್ಲಿಗೆ ಬಂದ ಹೆಂಗಸರು ನಗುತ್ತಿದ್ದರು. ನನಗಂತೂ ಕೋಡು ಮೂಡಿತ್ತು.

ಆ ವಾರವೇ ಮೇಷ್ಟ್ರು ಉಳಿದರ್ಧ ಪಾಠ ಮುಗಿಸಿದರು. ಭೂಮಿಯ ಜೊತೆಗೆ ಗಾಳಿ, ನೀರು, ನಾವು ಎಲ್ಲರೂ ಒಂದೇ ಸಮನೆ ತಿರುಗುತ್ತಿರುವುದರಿಂದ ಅದು ಯಾರ ಅನುಭವಕ್ಕೂ ಬರುವುದಿಲ್ಲ ಎಂದರು. ಯಾರ ಅನುಭವಕ್ಕೂ!

ಅವತ್ತೇ ಮನೆಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅವ್ವನಿಗೆ ಕಾಯಿಲೆ ಎಂದಾಗುತ್ತಿತ್ತು, ಕಾಯಿಲೆ ಎಂದರೆ ಮನೆಗೆಲಸಕ್ಕೆ ನಾನು ನಿಲ್ಲಬೇಕಾಗುತ್ತಿತ್ತು. ಹಿಂದೆ ದೊಡ್ಡಮ್ಮ ಹಾಸಿಗೆ ಹಿಡಿದಾಗ ದೊಡ್ಡಪ್ಪನ ಮಗಳನ್ನು ಸ್ಕೂಲು ಬಿಡಿಸಿ ಒಲೆ ಮುಂದೆ ಕೂರಿಸಿದ್ದರು. ದೊಡ್ಡಮ್ಮ ಎದ್ದು ಓಡಾಡಿದ ಮೇಲೂ ಆ ಅಕ್ಕನಿಗೆ ಸ್ಕೂಲಿನ ಕಡೆ ತಲೆ ಹಾಕಲಾಗಲಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಇವತ್ತು ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬಾಯಿ ಮುಚ್ಚಿಕೊಂಡೆನೇ ಹೊರತು ನೆಮ್ಮದಿ ಉಳಿಯಲಿಲ್ಲ. ಖಂಡಗಳ ಹೆಸರು ಒಪ್ಪಿಸುವಾಗ ಅವ್ವ ಈಗ ಬಾವಿಕಟ್ಟೆಯ ಹತ್ತಿರ ಇರಬಹುದೇ ಎಂದು ದಿಗಿಲಾಗುತ್ತಿತ್ತು. ಭೂಪಟದಲ್ಲಿ ಸಾಗರ ತೋರಿಸು ಎಂದರೆ ಪರ್ವತ ತೋರಿಸುತ್ತಿದ್ದೆ. ಮನೆಗೆ ಬಂದವಳೇ ಬ್ಯಾಗು ಎಸೆದು ಅವ್ವ ಎಲ್ಲಿ ಎಂದು ಹುಡುಕುತ್ತಿದ್ದೆ, ಅವಳ ಕೈಯಿಂದ ಕೊಡ ಕಿತ್ತುಕೊಳ್ಳುತ್ತಿದ್ದೆ. ತೋಟದ ಇಳಿಜಾರಿನಲ್ಲಿ ಅವಳ ಮುಂದೆಯೇ ನಡೆಯುತ್ತಿದ್ದೆ, ಬಿದ್ದರೆ ನನ್ನ ಮೇಲೆ ಬೀಳಲಿ ಎಂದು. ಭೂಮಿ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ ಎಂಬ ಪಾಠವೂ ಅಷ್ಟರಲ್ಲಿ ಆಗಿತ್ತು.

"ಕಾಲಿಗ್ ಕಾಲು ಅಡ್ಡ ಬರ್ತೀಯಲ್ಲೇ, ಅತ್ಲಾಗ್ ಹೋಗೆ" ಎಂದು ಅವ್ವ ರೇಗುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ನಾನು ಸ್ಕೂಲಿನಲ್ಲಿದ್ದಾಗ ಅವಳು ಹಣ್ಣು ಕೊಯ್ಯುತ್ತಾ ತೋಟದಲ್ಲಿ ಉರುಳಿಬಿದ್ದಳು. ಮುಂಗೈ ಮೂಳೆ ಮುರಿಯಿತು. ಸಕಲೇಶಪುರದ ಆಸ್ಪತ್ರೆಗೆ ಹೊರಟ ಜೀಪನ್ನು ಅಪ್ಪ ಸ್ಕೂಲಿನ ಮುಂದೆ ನಿಲ್ಲಿಸಿ ನನ್ನನ್ನೂ ಹತ್ತಿಸಿಕೊಂಡ.

ಡಾಕ್ಟರು ಕೈಗೆ ಪಟ್ಟಿ ಹಾಕಿ, ಅವ್ವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ. ತಲೆಸುತ್ತು ಎಷ್ಟು ದಿನದಿಂದ ಇದೆ?" ಎಂದು ಕೇಳಿದರು.

"ತಲೆಸುತ್ತಲ್ಲ ಡಾಕ್ಟ್ರೇ, ಭೂಮಿ ತಿರುಗೋದು" ಎಂದಳು ಅವ್ವ.

ಡಾಕ್ಟರು ನಕ್ಕುಬಿಟ್ಟರು. ಅಪ್ಪ ನಗಲಿಲ್ಲ. ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಡಾಕ್ಟರು ಚೀಟಿ ಬರೆದುಕೊಟ್ಟು ಬೇರೆ ರೋಗಿಯನ್ನು ನೋಡಲು ಹೋದರು, ಅಪ್ಪ ಚೀಟಿ ಹಿಡಿದು ಮಾತ್ರೆ ತರಲು ಹೊರಗೆ ಹೋದ.

ನನಗೆ ತಡೆಯಲಾಗಲಿಲ್ಲ. ಬಿಕ್ಕುತ್ತಲೇ ಒಪ್ಪಿಕೊಂಡೆ: "ಭೂಮಿ ತಿರುಗೋದು ಯಾರಿಗೂ ಗೊತ್ತಾಗಲ್ಲ ಕಣವ್ವ. ನಂಗೆ ಆವಾಗ್ಲೇ ತಿಳಿದಿತ್ತು. ಸ್ಕೂಲು ಬಿಡಿಸ್ತಾರೆ ಅಂತ ಹೇಳ್ನಿಲ್ಲ."

ಅವ್ವ ಪಟ್ಟಿಯಿಲ್ಲದ ಕೈಯಿಂದ ನನ್ನ ಬಾಯಿ ಮುಚ್ಚಿ ಬಾಗಿಲ ಕಡೆ ನೋಡಿದಳು.

"ಮೆತ್ತಗೆ ಮಾತಾಡೆ, ನಿಮ್ಮಪ್ಪಂಗೆ ಕೇಳಿಸೀತು. ತಲೆಸುತ್ತು ಯಾವ್ದು, ಭೂಮಿ ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ನಾನೂ ಅದಕ್ಕೇ ಹೇಳ್ನಿಲ್ಲ. ಒಂದು ಕೈ ನೆಟ್ಟಗೈತಲ್ಲ, ಸೋಮವಾರ ನೀನು ಸ್ಕೂಲಿಗೆ ಹೋಗು."